ಲೋಕಲ್ ಹತ್ತುವ ಶಕ್ತಿ ಉಳಿಯುತ್ತದೆಯೇ?

ಪ್ರಶ್ನೆ: ಇಬ್ಬರು ಮಕ್ಕಳಾದರು. ನಸ್‌ಬಂದಿ (ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡರೆ ಡೊಂಬಿವಲಿಯ ನೂಕುನುಗ್ಗಲಲ್ಲಿ ಲೋಕಲ್ ರೈಲು ಹತ್ತುವ ಶಕ್ತಿ ಉಳಿಯುತ್ತದೆಯೇ?

ಉತ್ತರ: ಖಂಡಿತ. ಕತ್ತರಿಸಿ ಕಟ್ಟುವುದು ವೀರ್ಯಾಣು ಸಾಗುವ ನಾಳಗಳನ್ನು ಮಾತ್ರ. ಪುರುಷ ಹಾರ್ಮೋನು ಸೇರುವುದು ರಕ್ತಕ್ಕೆ. ಹಾಗಾಗಿ ಗಡ್ಡ, ದನಿ, ಬಯಕೆ, ಕಸುವು ಎಲ್ಲವೂ ಇದ್ದಂತೆಯೇ ಇರುತ್ತವೆ. ಒಂದು ಕಾಲಕ್ಕೆ ಮುಂಬಯಿಯ ರೈಲು ನಿಲ್ದಾಣಗಳಲ್ಲೇ ಈ ಶಸ್ತ್ರಚಿಕಿತ್ಸೆಗೆ ಕೇಂದ್ರಗಳಿದ್ದವು! ಚೀನಾದಲ್ಲಿ 1974ರಲ್ಲಿ ರೂಪುಗೊಂಡ, ಹೊಲಿಗೆ ಬೇಡದ ವಿಧಾನ ಈಗ ನಮ್ಮಲ್ಲೂ ಇದೆ. ವೃಷಣಚೀಲ ಮರಗಟ್ಟಿಸುವ ಚುಚ್ಚುಮದ್ದು, ಸಣ್ಣ ತೂತು, ಸುಮಾರು 20 ನಿಮಿಷ. ಅಂದೇ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತುವುದೂ ಬೇಡ, ರೈಲಿನ ನೂಕಾಟವೂ ಬೇಡ. ಜ್ವರ ಬಂದರೆ, ಊತ ಏರಿದರೆ ವೈದ್ಯರಲ್ಲಿಗೆ ಓಡಿ.

ನಾಳವನ್ನು ಮತ್ತೆ ಜೋಡಿಸಬಹುದಾದರೂ ಮಗುವಾಗುವ ಖಾತ್ರಿಯಿಲ್ಲ. ಮನಸ್ಸು ಡೋಲಾಯಮಾನವಾಗಿದ್ದರೆ ಹೋಗಲೇಬೇಡಿ. ಹೋಲಿಸಿದರೆ, ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೊಟ್ಟೆಯನ್ನೇ ಕೊಯ್ಯಬೇಕು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದಂಪತಿಗಳ ನಡುವೆ ಅದರ ಪಾಲು ಶೇ. 37.9, ಗಂಡಸರದು ಬರೀ ಶೇ. 0.3. ನಾಚಿಕೆ ಯಾರಿಗಿರಬೇಕೋ!

ಹಲವರು ಎಡವುವುದು ನಸ್‌ಬಂದಿಯ ನಂತರ. ನಾಳದಲ್ಲಿ ಉಳಿದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಬಳಿಕ ವೀರ್ಯ ಪರೀಕ್ಷೆ ಮಾಡಿಸಿ. ವೀರ್ಯಾಣು ಇಲ್ಲವೆಂಬ ವರದಿ ಕೈಗೆ ಬರುವವರೆಗೆ ಕಾಂಡೋಮ್ ಬಿಡಬೇಡಿ.