ಒಳಿತಿಗೂ ಒಳಿತಿಗೂ ನಡುವೆ

1917. ರಷ್ಯದ ಪೆಟ್ರೊಗ್ರಾಡ್ ನಗರದಲ್ಲಿ ಕ್ರಾಂತಿಯ ದಿನಗಳು. ಉದ್ರಿಕ್ತ ಗುಂಪೊಂದು ಪೊಲೀಸನೊಬ್ಬನನ್ನು ಬೀದಿಯಲ್ಲಿ ಎಳೆದೊಯ್ಯುತ್ತಿತ್ತು. ಬಿಡಿಸಿಕೊಳ್ಳಲು ಹೆಣಗುತ್ತಿದ್ದ ಆತನ ಬಿಳಿಚಿದ ಮುಖವನ್ನು ಏಳು ವರ್ಷದ ಬಾಲಕನೊಬ್ಬ ಕಂಡ. ಹಿಂಸೆಯ ಬಗ್ಗೆ ಅಂದು ಹುಟ್ಟಿದ ಹೇಸಿಗೆ ಬದುಕಿನುದ್ದಕ್ಕೂ ಅವನಲ್ಲಿ ಉಳಿಯಿತು. ಆ ಬಾಲಕನೇ ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಚಿಂತಕ ಐಸಾಯ ಬರ್ಲಿನ್ (1909–1997).

1958ರ ಅಕ್ಟೋಬರ್ 31ರಂದು ಅಲ್ಲಿ ನೀಡಿದ ಉಪನ್ಯಾಸದಲ್ಲಿ ಬರ್ಲಿನ್ ಸ್ವಾತಂತ್ರ್ಯದ ಎರಡು ಅರ್ಥಗಳನ್ನು ಬಿಡಿಸಿಟ್ಟರು. ಇತರರ ಅಡ್ಡಿಯಿಲ್ಲದೆ ನಾನು ನಡೆಯಬಹುದಾದ ಆವರಣ ಎಷ್ಟು ವಿಶಾಲ ಎಂಬುದು ಒಂದು. ನನ್ನನ್ನು ಆಳುವವರು ಯಾರು ಎಂಬುದು ಇನ್ನೊಂದು. ಎರಡೂ ಬೇಕಾದವೇ. ಆದರೆ ಎರಡನೆಯದನ್ನು ತಿರುಚುವುದು ಸುಲಭ. ನಿನಗೆ ನಿಜವಾಗಿ ಏನು ಬೇಕೆಂಬುದು ನಿನಗಿಂತ ನಮಗೇ ಚೆನ್ನಾಗಿ ಗೊತ್ತು ಎನ್ನುವ ಪಕ್ಷವೋ ಪ್ರಭುತ್ವವೋ ಬಲಾತ್ಕಾರವನ್ನೇ ಬಿಡುಗಡೆ ಎಂದು ಕರೆಯತೊಡಗುತ್ತದೆ.

ಈ ಅಪಾಯದ ಬೇರು ಎಲ್ಲಿದೆ? ಎಲ್ಲ ಒಳ್ಳೆಯ ಮೌಲ್ಯಗಳೂ ಕೊನೆಗೆ ಒಂದರೊಳಗೊಂದು ಹೊಂದಿಕೊಂಡಾವು ಎಂಬ ನಂಬಿಕೆಯಲ್ಲಿ ಎನ್ನುತ್ತಾರೆ ಬರ್ಲಿನ್. ಅಂಥ ಪರಿಪೂರ್ಣ ಸಮಾಜ ಸಾಧ್ಯವೆಂದಾದರೆ ಅದಕ್ಕಾಗಿ ಎಷ್ಟು ಬಲಿ ಕೊಟ್ಟರೂ ಹೆಚ್ಚಲ್ಲ! ಆದರೆ ನ್ಯಾಯ ಕರುಣೆಗೆ, ಸ್ವಾತಂತ್ರ್ಯ ಸಮಾನತೆಗೆ ಎದುರಾಗುವುದುಂಟು. ತೋಳಗಳಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ಕುರಿಗಳ ಗತಿಯೇನು?

ಇಂಥ ಇಕ್ಕಟ್ಟಿನ ಒಂದು ನಿದರ್ಶನವನ್ನು ಫ್ರಾನ್ಸಿನ ತತ್ತ್ವಜ್ಞಾನಿ ಸಾರ್ತ್ರ್ 1945ರಲ್ಲಿ ಪ್ಯಾರಿಸ್ಸಿನ ಉಪನ್ಯಾಸವೊಂದರಲ್ಲಿ ವಿವರಿಸಿದ್ದರು. ಜರ್ಮನರ ಆಕ್ರಮಣದ ಕಾಲ. ಅವರ ವಿದ್ಯಾರ್ಥಿಯೊಬ್ಬನ ಅಣ್ಣ 1940ರ ದಾಳಿಯಲ್ಲಿ ಸತ್ತಿದ್ದ. ತಾಯಿಗೆ ಈತನೊಬ್ಬನೇ ಆಸರೆ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಪಡೆಯನ್ನು ಸೇರುವುದೋ, ತಾಯಿಯ ಬಳಿ ಉಳಿಯುವುದೋ? ನೀನು ಸ್ವತಂತ್ರ, ಆರಿಸಿಕೋ ಎಂದಷ್ಟೇ ಸಾರ್ತ್ರ್ ಹೇಳಿದರು.

ಬರ್ಲಿನ್ ಅವರ ವಿಚಾರದ ಬೆಳಕಿನಲ್ಲಿ ನೋಡಿದರೆ, ಆ ಯುವಕ ಯಾವುದನ್ನೇ ಆರಿಸಿಕೊಂಡರೂ ಒಂದು ನಿಜವಾದ ಒಳಿತು ಕೈತಪ್ಪುತ್ತದೆ. ಆಮೇಲಿನ ಅವನ ನೋವು ತಪ್ಪು ಆಯ್ಕೆಯ ಕುರುಹಾಗಬೇಕಿಲ್ಲ.

ಹಾಗಾದರೆ ಯಾರು ಏನು ಮಾಡಿದರೂ ಸರಿಯೆ? ಖಂಡಿತ ಅಲ್ಲ. ಮೌಲ್ಯಗಳು ಹಲವಾದರೂ ಕ್ರೌರ್ಯ ಅವುಗಳಲ್ಲಿ ಒಂದಲ್ಲ. ಸಮಾನತೆಗಾಗಿ ಸ್ವಾತಂತ್ರ್ಯವನ್ನು ಕೊಂಚ ಮೊಟಕುಗೊಳಿಸಬೇಕಾಗಿ ಬರಬಹುದು. ಹಾಗೆ ಮಾಡುವಾಗ ಕಳೆದುಕೊಳ್ಳುತ್ತಿರುವುದು ಸ್ವಾತಂತ್ರ್ಯವನ್ನೇ ಎಂದು ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆ ಬೇಕು ಎಂಬುದು ಅವರ ಆಗ್ರಹ. ನಷ್ಟವನ್ನು ನಷ್ಟವೆಂದು ಒಪ್ಪಿಕೊಳ್ಳುವ ಆಡಳಿತ ಅದನ್ನು ಮುಂದೆ ತುಂಬಿಕೊಟ್ಟೀತು. ನಷ್ಟವೇ ಆಗಿಲ್ಲ ಎನ್ನುವ ಆಡಳಿತದಿಂದ ಅದನ್ನು ನಿರೀಕ್ಷಿಸುವುದು ಹೇಗೆ?