ತೋಪಿಗಾಗಿ ಕಟ್ಟಿದ ಹಡಗು

1915ರ ಮೇ 25ರಂದು ಟರ್ಕಿಯ ಗಲಿಪೊಲಿ ತೀರದ ಕಂದಕಗಳಲ್ಲಿದ್ದ ಸೈನಿಕರ ಕಣ್ಣೆದುರೇ ಬ್ರಿಟನ್ನಿನ ‘ಟ್ರಯಂಫ್’ ಯುದ್ಧನೌಕೆ ಮಗುಚಿ ಮುಳುಗಿತು. ಎರಡು ದಿನ ಕಳೆಯುವಷ್ಟರಲ್ಲಿ ‘ಮೆಜೆಸ್ಟಿಕ್’ಗೂ ಅದೇ ಗತಿಯಾಯಿತು. ಎರಡಕ್ಕೂ ಟಾರ್ಪಿಡೊ ಹೊಡೆದದ್ದು ಜರ್ಮನಿಯ ಒಂದೇ ಜಲಾಂತರ್ಗಾಮಿ, ಯು-21. ಅದಕ್ಕೂ ಮುಂಚೆ, ಮಾರ್ಚ್ 18ರಂದು, ಡಾರ್ಡನೆಲ್ಸ್ ಜಲಸಂಧಿಯಲ್ಲಿ ಟರ್ಕರು ಬಿತ್ತಿದ್ದ ಮೈನುಗಳಿಗೆ ಮೂರು ದೊಡ್ಡ ಹಡಗುಗಳು ಬಲಿಯಾಗಿದ್ದವು. ಬ್ರಿಟನ್ನಿನ ಹೊಚ್ಚಹೊಸ ‘ಕ್ವೀನ್ ಎಲಿಜಬೆತ್’ ಹಡಗನ್ನು ಅಲ್ಲಿಟ್ಟರೆ ಉಳಿಯದೆಂದು ಆಗಲೇ ಊರಿಗೆ ಕರೆಸಿಕೊಂಡಿದ್ದರು. ಆದರೆ ದಡ ಹತ್ತಿದ್ದ ಸೈನ್ಯ ಅಲ್ಲೇ ಇತ್ತು. ಅದರಲ್ಲಿ ಭಾರತದಿಂದ ಹೋದ ಸಿಖ್ಖರು, ಗೂರ್ಖರು, ಹೇಸರಗತ್ತೆ ದಳದವರೂ ಇದ್ದರು. ಬೆನ್ನ ಹಿಂದಿನ ಕಡಲಿನಿಂದ ತೋಪಿನ ಬೆಂಬಲ ಇಲ್ಲದಿದ್ದರೆ ಅವರಿಗೆ ಉಳಿಗಾಲವಿರಲಿಲ್ಲ.

ಟ್ರಯಂಫ್ ಮುಳುಗುವುದಕ್ಕೆ ಮೂರು ದಿನ ಮುಂಚೆ, ಮೇ 22ರಂದು, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವರ್ಕ್‌ಮನ್ ಕ್ಲಾರ್ಕ್ ಕಟ್ಟೆಯಿಂದ ಹೆಸರೂ ಇಲ್ಲದ ಒಂದು ಕುಳ್ಳು ಹಡಗು ನೀರಿಗಿಳಿದಿತ್ತು. ಅದಕ್ಕೆ ಕೊಟ್ಟದ್ದು ಬರೀ ಅಂಕಿ: ಎಂ33. ಜೂನ್ 17ಕ್ಕೆ ಕೆಲಸ ಮುಗಿಯಿತು. ಕಟ್ಟಲು ಶುರುಮಾಡಿ ಮುಗಿಸಲು ಹಿಡಿದದ್ದು ಏಳು ವಾರದಷ್ಟು. ಎಂ29ರಿಂದ ಎಂ33ರವರೆಗಿನ ಐದು ಹಡಗುಗಳ ಈ ಗುಂಪನ್ನು ಎಂ29 ವರ್ಗದ ಮಾನಿಟರ್‌ಗಳೆಂದು ಕರೆಯುತ್ತಾರೆ. ದಡದ ಮೇಲೆ ಗುಂಡಿನ ಮಳೆ ಸುರಿಸುವುದೊಂದೇ ಅವುಗಳ ಕಸುಬು.

ಹಡಗು ಕಟ್ಟುವವರು ಸಾಮಾನ್ಯವಾಗಿ ಹಡಗನ್ನು ಯೋಚಿಸಿ, ಆಮೇಲೆ ಅದಕ್ಕೆ ತೋಪು ಹುಡುಕುತ್ತಾರೆ. ಮಾನಿಟರ್ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಮೊದಲು ತೋಪು ಕೈಗೆ ಸಿಕ್ಕಿತು, ಅದನ್ನು ಹೊರಲು ಹಡಗು ಬೇಕಾಯಿತು. ಕ್ವೀನ್ ಎಲಿಜಬೆತ್ ವರ್ಗದ ಹಡಗುಗಳ ಹಿಂಭಾಗದಲ್ಲಿ, ನೀರಿಗೆ ತೀರ ಹತ್ತಿರ, ಆರಂಗುಲ ಬಾಯಿಯ ತೋಪುಗಳಿದ್ದವು. ಕಡಲು ಸ್ವಲ್ಪ ಉಬ್ಬರಿಸಿದರೂ ಅಲೆ ನೇರ ಅವುಗಳ ಮೇಲೆ ಬಡಿಯುತ್ತಿತ್ತು, ಗುಂಡು ಹಾರಿಸುವ ಮಾತೇ ಇಲ್ಲ. ಅವನ್ನು ಕಿತ್ತರು. ಹಾಗೆ ಉಳಿದುಕೊಂಡ ತೋಪುಗಳೇ ಈ ಐದು ಹಡಗುಗಳಿಗೆ ಬಂದವು, ಮುಂದೊಂದು ಹಿಂದೊಂದು. ಇದೇ ಸಮಯದಲ್ಲಿ ಕಟ್ಟಿದ ದೊಡ್ಡ ಮಾನಿಟರ್‌ಗಳ ಕಥೆ ಇನ್ನೂ ವಿಚಿತ್ರ. ಗ್ರೀಸ್ ದೇಶಕ್ಕಾಗಿ ಜರ್ಮನಿಯಲ್ಲಿ ಒಂದು ಯುದ್ಧನೌಕೆ ತಯಾರಾಗುತ್ತಿತ್ತು, ಅದರ ಹದಿನಾಲ್ಕು ಅಂಗುಲದ ತೋಪುಗಳು ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಎರಕವಾಗುತ್ತಿದ್ದವು. ಯುದ್ಧ ಶುರುವಾದ ಮೇಲೆ ಅವು ಜರ್ಮನಿಗೆ ಹೋಗುವಂತಿರಲಿಲ್ಲ. ಕಾರ್ಖಾನೆಯ ಒಡೆಯ ಚಾರ್ಲ್ಸ್ ಶ್ವಾಬ್ ಅವನ್ನು ಆಗ ಬ್ರಿಟನ್ನಿನ ನೌಕಾ ಮಂತ್ರಿಯಾಗಿದ್ದ ಚರ್ಚಿಲ್ ಮುಂದಿಟ್ಟರು. ನಾಲ್ಕು ಹಡಗುಗಳು ಆ ತೋಪುಗಳ ಸುತ್ತ ಹುಟ್ಟಿಕೊಂಡವು.

ಆರಂಗುಲದ ತೋಪಿನ ನಳಿಗೆ ಸುಮಾರು ಏಳು ಮೀಟರ್ ಉದ್ದ, ತೂಕ ಸುಮಾರು ಏಳು ಟನ್. ಗುಂಡು 45 ಕಿಲೋ, ಅದನ್ನು ಆಳುಗಳೇ ಎತ್ತಿ ನಳಿಗೆಯ ಹಿಂಬಾಯಿಗೆ ದೂಡಬೇಕು. ಅದರ ಹಿಂದೆ ಕಾರ್ಡೈಟ್ ಮದ್ದಿನ ಚೀಲ. ಆ ಚೀಲ ರೇಷ್ಮೆಯದು. ಹತ್ತಿ ಬಟ್ಟೆಯಾದರೆ ಕಿಡಿ ಹಿಡಿದ ಚೂರುಗಳು ನಳಿಗೆಯೊಳಗೆ ಉಳಿದು, ಮುಂದಿನ ಚೀಲ ಇಡುವಾಗಲೇ ಹೊತ್ತಿಕೊಳ್ಳಬಹುದು. ರೇಷ್ಮೆ ಪೂರ್ತಿ ಉರಿದುಹೋಗುತ್ತದೆ. ಹಿಂಬಾಗಿಲು ಮುಚ್ಚಿ ಕಿಡಿ ಕೊಟ್ಟರೆ ಗುಂಡು ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹೊರಬಿದ್ದು 13 ಕಿಲೋಮೀಟರ್ ಆಚೆ ಬೀಳುತ್ತದೆ. ಇದನ್ನೆಲ್ಲ ಹೊತ್ತ ಹಡಗಿನ ತೂಕ ಸರಂಜಾಮು ಸಮೇತ 580 ಟನ್ ಅಷ್ಟೆ. ಉದ್ದ 54 ಮೀಟರ್, ಅಗಲ ಒಂಬತ್ತೂವರೆ ಮೀಟರ್. ನೀರೊಳಗೆ ಮುಳುಗುವ ಆಳ ಎರಡು ಮೀಟರಿಗಿಂತ ಕಡಿಮೆ.

ಇಷ್ಟು ಸಣ್ಣ ಹಡಗಿಗೆ ಆ ತೋಪಿನ ಒದೆತ ತಡೆಯುತ್ತದೆಯೇ? ಹೈಸ್ಕೂಲಿನ ಸಂವೇಗದ ನಿಯಮ ಸಾಕು. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ, ಬಂದದ್ದನ್ನು ಹಡಗಿನ ತೂಕದಿಂದ ಭಾಗಿಸಿದರೆ ಸೆಕೆಂಡಿಗೆ ಆರೇಳು ಸೆಂಟಿಮೀಟರ್ ಬರುತ್ತದೆ. ಗುಂಡಿನ ಜೊತೆ ನುಗ್ಗುವ ಬಿಸಿ ಅನಿಲವನ್ನೂ ಸೇರಿಸಿದರೆ ಇನ್ನೊಂದೆರಡು ಸೆಂಟಿಮೀಟರ್ ಹೆಚ್ಚು. ಎರಡೂ ತೋಪು ಒಟ್ಟಿಗೆ ಒಂದೇ ಬದಿಗೆ ಹಾರಿದರೆ ಇಡೀ ಹಡಗು ಸೆಕೆಂಡಿಗೆ ಸುಮಾರು ಹದಿನಾರು ಸೆಂಟಿಮೀಟರ್ ವೇಗದಲ್ಲಿ ಪಕ್ಕಕ್ಕೆ ಸರಿಯಲು ನೋಡುತ್ತದೆ. ನಳಿಗೆಯನ್ನು ಹಿಂದಕ್ಕೆ ಜಾರಲು ಬಿಟ್ಟು, ದ್ರವದ ಸಿಲಿಂಡರಿನಲ್ಲಿ ಆ ಹೊಡೆತವನ್ನು ತಡೆಯುವ ಏರ್ಪಾಡು ಇಲ್ಲದಿದ್ದರೆ ತಗಡು ತೆಳುವಾದ ಈ ಮೈಯಲ್ಲಿ ರಿವೆಟ್ಟುಗಳು ಉಳಿಯುತ್ತಿರಲಿಲ್ಲ.

ನನಗೆ ಈ ಹಡಗಿನಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಅದರ ತಳ. ತಳ ಚಪ್ಪಟೆ, ಬದಿ ಅಗಲ, ಮೂತಿ ಮೊಂಡು. ಇದೆಲ್ಲ ಬೇಕೆಂದೇ ಮಾಡಿದ್ದು. ಹಡಗು ತೇಲಬೇಕಾದರೆ ತನ್ನ ತೂಕದಷ್ಟು ನೀರನ್ನು ಸರಿಸಲೇಬೇಕು. ಆಳಕ್ಕೆ ಇಳಿಯಬಾರದೆಂದರೆ ಅಗಲಕ್ಕೆ ಹರಡಬೇಕು. ಹಾಗೆ ಹರಡಿದ್ದರಿಂದ ದೊಡ್ಡ ಯುದ್ಧನೌಕೆಗಳು ಒಂಬತ್ತು ಮೀಟರಿಗೂ ಹೆಚ್ಚು ನೀರು ಕೇಳುವಲ್ಲಿ ಇದಕ್ಕೆ ಎರಡು ಮೀಟರ್ ಸಾಲುತ್ತಿತ್ತು. ದಡದ ಮರಳು ದಿಬ್ಬಗಳ ಹತ್ತಿರಕ್ಕೂ ಹೋಗಬಹುದು, ನದಿಯ ಮುಖವನ್ನೂ ಹೊಗಬಹುದು. ದೊಡ್ಡ ಹಡಗುಗಳಿಗೆಂದು ಆಳದಲ್ಲಿ ಕಟ್ಟಿದ ಮೈನುಗಳ ಮೇಲೆ ತೇಲಿ ದಾಟಬಹುದು, ಆಳದಲ್ಲಿ ಓಡುವಂತೆ ಹೊಂದಿಸಿದ ಟಾರ್ಪಿಡೊ ಕೆಳಗಿನಿಂದಲೇ ಹಾದುಹೋಗಬಹುದು.

ಅಗಲಕ್ಕೆ ತೆರಬೇಕಾದ ಬೆಲೆಯೂ ಇತ್ತು. ಹಡಗು ಒಂದು ಬದಿಗೆ ವಾಲಿದಾಗ ಮುಳುಗಿದ ಬದಿಯನ್ನು ನೀರು ಮೇಲಕ್ಕೆ ನೂಕುತ್ತದೆ. ಅಗಲವಾದ ಹಡಗಿನಲ್ಲಿ ಆ ನೂಕು ನಡುವಿನಿಂದ ದೂರದಲ್ಲಿ ಬೀಳುವುದರಿಂದ ಹಡಗು ಸರಕ್ಕನೆ ನೆಟ್ಟಗಾಗುತ್ತದೆ, ಮರುಕ್ಷಣ ಆಚೆ ಬದಿಗೆ ಹೊರಳುತ್ತದೆ. ಮಗುಚುವ ಭಯ ಕಡಿಮೆ, ಗುರಿ ಹಿಡಿಯುವವನ ಪಾಡು ಮಾತ್ರ ಹೇಳತೀರದು. ಹೊರಳಾಟದ ಯಾವ ಗಳಿಗೆಯಲ್ಲಿ ಗುಂಡು ಹೊರಟಿತು ಎಂಬುದರ ಮೇಲೆ ಅದು ಎಲ್ಲಿ ಬೀಳುತ್ತದೆ ಎಂಬುದು ನಿಂತಿರುತ್ತದೆ. ಹಾಗಾಗಿ ಶಾಂತ ನೀರೇ ಇವುಗಳ ನೆಲೆ. ಇನ್ನು ನಡೆಯುವ ಮಾತು. ಚಪ್ಪಟೆ ತಳಕ್ಕೆ ನೀರಿನಲ್ಲಿ ಹಿಡಿತವಿರುವುದಿಲ್ಲ, ತುಂಗಭದ್ರೆಯ ಹರಿಗೋಲಿನ ಹಾಗೆ ಗಾಳಿ ಬೀಸಿದ ಕಡೆಗೆ ಜಾರುತ್ತದೆ. 400 ಅಶ್ವಶಕ್ತಿಯ ಉಗಿ ಎಂಜಿನ್ನುಗಳು ಇದನ್ನು ಗಂಟೆಗೆ ಹೆಚ್ಚೆಂದರೆ ಸುಮಾರು ಹದಿನೆಂಟು ಕಿಲೋಮೀಟರ್ ಓಡಿಸುತ್ತಿದ್ದವು. ಶತ್ರು ಹಡಗು ಬೆನ್ನಟ್ಟಿದರೆ ಓಡಿ ಪಾರಾಗುವ ಆಸೆಯೇ ಇಲ್ಲ. ಅಂಥದ್ದರೊಳಗೆ 72 ಜನ, ಮೆಡಿಟರೇನಿಯನ್ ಬೇಸಿಗೆಯಲ್ಲಿ ಕಾದ ಕಬ್ಬಿಣದ ಅಟ್ಟದ ಕೆಳಗೆ, ತಿಂಗಳುಗಟ್ಟಲೆ ಬದುಕಿದರು.

ಗುರಿ ಕಣ್ಣಿಗೆ ಬೀಳದಿದ್ದರೆ ಹೊಡೆಯುವುದು ಹೇಗೆ? ಗುಡ್ಡದಾಚೆಯ ಕಂದಕ, ಶತ್ರುವಿನ ತೋಪಿನ ನೆಲೆಗಳ ಹಿಂದಿನ ರಸ್ತೆ, ಯಾವುದೂ ಹಡಗಿನಿಂದ ಕಾಣುವುದಿಲ್ಲ. ಮೊದಲು ಹಡಗು ತಾನು ಎಲ್ಲಿದೆಯೆಂದು ನಕ್ಷೆಯ ಮೇಲೆ ನಿಖರವಾಗಿ ತಿಳಿಯಬೇಕು, ಅದಕ್ಕಾಗಿ ಮುಂದೆ ಹಿಂದೆ ಎರಡೂ ಕಡೆ ಲಂಗರು ಬಿಟ್ಟು ಅಲುಗದಂತೆ ನಿಲ್ಲಬೇಕು. ಆಮೇಲೆ ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವ ಕಣ್ಣು ಬೇಕು. ಗಲಿಪೊಲಿಯಲ್ಲಿ ‘ಮಾನಿಕಾ’ ಹಡಗಿನಿಂದ ಬಲೂನು ಹಾರಿಸಿ ಅದರ ಬುಟ್ಟಿಯಿಂದ ನೋಡುತ್ತಿದ್ದರು. ಬೆಲ್ಜಿಯಂ ತೀರದಲ್ಲಿ ಅಡ್ಮಿರಲ್ ಬೇಕನ್ ರೈಲು ಕಂಬಿಗಳಿಂದ ಮುಕ್ಕಾಲಿಗಳನ್ನು ಮಾಡಿಸಿ, ಕಡಲ ತಳದಲ್ಲಿ ನಿಲ್ಲಿಸಿ, ನೀರಿನ ಮೇಲೆ ಚಾಚಿದ ತುದಿಯಲ್ಲಿ ಜನರನ್ನು ಕೂರಿಸಿದರು.

ಎಲ್ಲಕ್ಕಿಂತ ದಿಟ್ಟ ಪ್ರಸಂಗ ನಡೆದದ್ದು ಪೂರ್ವ ಆಫ್ರಿಕಾದ ರುಫಿಜಿ ನದಿಯ ಮುಖಜ ಭೂಮಿಯಲ್ಲಿ. ಜರ್ಮನಿಯ ಕ್ರೂಸರ್ ‘ಕ್ಯೋನಿಗ್ಸ್‌ಬರ್ಗ್’ 1914ರ ಸೆಪ್ಟೆಂಬರ್ 20ರಂದು ಜಂಜಿಬಾರಿನಲ್ಲಿ ಬ್ರಿಟಿಷರ ‘ಪೆಗಾಸಸ್’ ಅನ್ನು ಮುಳುಗಿಸಿ, ಆ ನದಿಯ ಕಾಂಡ್ಲಾ ಕಾಡಿನೊಳಗೆ ಅಡಗಿತ್ತು. ಬೆನ್ನಟ್ಟಿ ಬಂದ ಬ್ರಿಟಿಷ್ ಕ್ರೂಸರ್‌ಗಳು ಅಷ್ಟು ಒಳಕ್ಕೆ ಹೋಗುವಂತಿರಲಿಲ್ಲ. ಬ್ರೆಜಿಲ್ ದೇಶ ನದಿಗಾಗಿ ಕಟ್ಟಿಸುತ್ತಿದ್ದ, ಯುದ್ಧ ಬಂದಾಗ ಬ್ರಿಟನ್ ಕೊಂಡುಕೊಂಡಿದ್ದ ‘ಸೆವರ್ನ್’ ಮತ್ತು ‘ಮರ್ಸಿ’ ಮಾನಿಟರ್‌ಗಳನ್ನು ಮಾಲ್ಟಾದಿಂದ ಅಲ್ಲಿಯವರೆಗೆ ಎಳೆದು ತಂದರು. 1915ರ ಜುಲೈ 6ರಂದು ಮೊದಲ ಪ್ರಯತ್ನ ವಿಫಲವಾಯಿತು, ಮರ್ಸಿಯ ಒಂದು ತೋಪು ಹಾಳಾಗಿ ಜನ ಸತ್ತರು. ಜುಲೈ 11ರಂದು ಮತ್ತೆ ಹೋದರು. ಕಾಡಿನ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ಕಲ್ ಎಂಬ ಚಾಲಕ, ಆರ್ನಲ್ಡ್ ಎಂಬ ವೀಕ್ಷಕ. ಗುಂಡು ಬಿದ್ದ ಜಾಗವನ್ನು ಆರ್ನಲ್ಡ್ ನಿಸ್ತಂತು ಮೂಲಕ ತಿಳಿಸುತ್ತಿದ್ದ. ಸೆವರ್ನ್ ಗುರಿ ಹಿಡಿಯುತ್ತಿದ್ದಂತೆಯೇ ವಿಮಾನದ ಎಂಜಿನ್ನಿಗೆ ಪೆಟ್ಟು ಬಿತ್ತು. ಎಂಜಿನ್ ನಿಂತು ಕೆಳಗಿಳಿಯುತ್ತಿದ್ದರೂ ಆರ್ನಲ್ಡ್ ತಿದ್ದುಪಡಿ ಕಳಿಸುವುದನ್ನು ಬಿಡಲಿಲ್ಲ. ಕ್ಯೋನಿಗ್ಸ್‌ಬರ್ಗಿನ ಮೂತಿಗೆ ಬೀಳುತ್ತಿದ್ದ ಗುಂಡುಗಳು ಅವನ ಮಾತಿನ ಮೇಲೆ ನಡುಭಾಗಕ್ಕೆ ಸರಿದವು. ವಿಮಾನ ನದಿಗೆ ಬಿದ್ದು ಮಗುಚಿತು, ಮರ್ಸಿಯ ದೋಣಿ ಇಬ್ಬರನ್ನೂ ಎತ್ತಿಕೊಂಡಿತು. ಕ್ಯೋನಿಗ್ಸ್‌ಬರ್ಗ್ ಅದೇ ದಿನ ಮುಗಿಯಿತು. ಹತ್ತು ಕಿಲೋಮೀಟರ್ ದೂರದ, ಕಣ್ಣಿಗೇ ಬೀಳದ ಹಡಗನ್ನು ಆಕಾಶದ ಕಣ್ಣಿನಿಂದ ಹೊಡೆದ ಈ ಘಟನೆ ಯುದ್ಧ ತಂತ್ರದ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗ ಪಡೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಎಂ33 ಗಲಿಪೊಲಿ ತಲುಪಿ, ಆಗಸ್ಟಿನಲ್ಲಿ ಸುವ್ಲಾ ಕೊಲ್ಲಿಯಲ್ಲಿ ಸೈನ್ಯ ಇಳಿದಾಗ ತನ್ನ ಕೆಲಸ ಶುರು ಮಾಡಿತು. 1916ರ ಜನವರಿಯಲ್ಲಿ ಕೊನೆಯ ಸೈನಿಕರು ದಡ ಬಿಡುವವರೆಗೂ ಅಲ್ಲೇ ಇತ್ತು. ಆದರೂ ಅಲ್ಲಿನ ದಂಡಯಾತ್ರೆ ಸೋತಿತು. ಅದಕ್ಕೆ ನೂರು ಕಾರಣ, ಅವುಗಳಲ್ಲಿ ಒಂದು ತೋಪಿನ ಸ್ವಭಾವದಲ್ಲೇ ಇತ್ತು. ನೌಕಾ ತೋಪು ಹಡಗಿನ ಉಕ್ಕನ್ನು ತೂತು ಮಾಡಲು ಹುಟ್ಟಿದ್ದು, ಗುಂಡು ಬಹಳ ವೇಗವಾಗಿ, ಹೆಚ್ಚೂಕಡಿಮೆ ನೇರವಾಗಿ ಹೋಗುತ್ತದೆ. ಗಲಿಪೊಲಿಯ ಕಡಿದಾದ ಗುಡ್ಡಗಳಲ್ಲಿ ಅದು ಒಂದೋ ಎದುರಿನ ಇಳಿಜಾರಿಗೆ ಬಡಿಯಿತು, ಇಲ್ಲ ತುದಿ ದಾಟಿ ಆಚೆಗೆ ಹೋಯಿತು. ಗುಡ್ಡದ ಬೆನ್ನಿಗೆ ಅಂಟಿಕೊಂಡು ಕೂತವನಿಗೆ ತಾಗಲಿಲ್ಲ. ಎತ್ತರಕ್ಕೆ ಹಾರಿಸಿ ಮೇಲಿನಿಂದ ಬೀಳಿಸುವ ಹವಿಟ್ಸರಿಗೆ ಈ ತೊಡಕಿಲ್ಲ. 1916ರ ಮೇ ತಿಂಗಳಲ್ಲಿ ಸ್ಮಿರ್ನಾ ಕೊಲ್ಲಿಯಲ್ಲಿ ಎಂ30 ಮುಳುಗಿದ್ದು ಟರ್ಕರ ಪರ ಕಾದುತ್ತಿದ್ದ ಆಸ್ಟ್ರಿಯಾ-ಹಂಗೇರಿಯ ಹವಿಟ್ಸರ್ ದಳದ ಗುಂಡಿನಿಂದ. ಈ ಹಡಗಿಗೆ ಮಾಡಲಾಗದ ಕೆಲಸವನ್ನು ಇದರ ಮೇಲೆಯೇ ಮಾಡಿ ತೋರಿಸಿದ ಹಾಗಾಯಿತು.

ಗಾಜಾದ ತೀರ ಬೇರೆ ಬಗೆ, ಮರಳು ಮತ್ತು ಬಯಲು. 1917ರ ಅಕ್ಟೋಬರ್ ಕೊನೆಗೆ ಎಂ15, ಎಂ29, ಎಂ31, ಎಂ32 ಮತ್ತು ದೊಡ್ಡ ಮಾನಿಟರ್ ‘ರ‍್ಯಾಗ್ಲನ್’ ಇತರ ಹಡಗುಗಳೊಡನೆ ಟರ್ಕರ ಸಾಲುಗಳ ಮೇಲೆ, ಅವುಗಳ ಹಿಂದಿನ ರೈಲು ದಾರಿಯ ಮೇಲೆ ಗುಂಡು ಸುರಿಸಿದವು. ನವೆಂಬರ್ 7ರಂದು ಟರ್ಕರು ಗಾಜಾ ತೊರೆದರು. ಪಾಳುಬಿದ್ದ ಊರನ್ನು ಹಾದು ಉತ್ತರಕ್ಕೆ ಸಾಗಿದ ಕುದುರೆ ಪಡೆಗಳಲ್ಲಿ ಇಂಪೀರಿಯಲ್ ಸರ್ವಿಸ್ ಬ್ರಿಗೇಡ್ ಇತ್ತು. ಮೈಸೂರು ಲ್ಯಾನ್ಸರ್ಸ್ ಅದರ ಒಂದು ಅಂಗ. ಮುಂದಿನ ವರ್ಷ ಹೈಫಾದಲ್ಲಿ ಹೆಸರು ಮಾಡಿದ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿರುವ ಅದೇ ಪಡೆ. ಹೈಫಾದ ಕಥೆಯನ್ನು ಹೇಳುವಾಗ ಗಾಜಾದ ಈ ಅಧ್ಯಾಯವನ್ನೂ ಹೇಳಬೇಕು, ನಾವು ಬಹಳ ಸಲ ಬಿಟ್ಟುಬಿಡುತ್ತೇವೆ. ಟರ್ಕರು ಗಾಜಾ ತೊರೆದ ನಾಲ್ಕು ದಿನದ ಮೇಲೆ, ನವೆಂಬರ್ 11ರಂದು, ಎಂ15 ಮತ್ತು ಡೆಸ್ಟ್ರಾಯರ್ ‘ಸ್ಟಾಂಚ್’ ಎರಡನ್ನೂ ಯುಸಿ-38 ಎಂಬ ಜಲಾಂತರ್ಗಾಮಿ ಅದೇ ತೀರದಲ್ಲಿ ಮುಳುಗಿಸಿತು. ಟಾರ್ಪಿಡೊ ಕೆಳಗಿನಿಂದ ಹಾದುಹೋಗುತ್ತದೆಂಬ ನಂಬಿಕೆ ಲಂಗರು ಹಾಕಿ ನಿಂತಲ್ಲೇ ನಿಂತ ಹಡಗಿಗೆ ಪೂರ್ತಿ ಕೆಲಸಕ್ಕೆ ಬರುವಂಥದ್ದಲ್ಲ.

ಮಹಾಯುದ್ಧ ಮುಗಿದ ಮೇಲೂ ಎಂ33ಕ್ಕೆ ಬಿಡುವು ಸಿಗಲಿಲ್ಲ. 1919ರಲ್ಲಿ ರಷ್ಯಾದ ಉತ್ತರಕ್ಕೆ, ಡ್ವಿನಾ ನದಿಗೆ, ಬೋಲ್ಶೆವಿಕ್ ಪಡೆಗಳ ವಿರುದ್ಧ ಕಳಿಸಿದರು. ಅಲ್ಲಿ ನದಿಯೇ ಕೈಕೊಟ್ಟಿತು. ಆ ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋಯಿತು, ಮೇಲೆ ಹೋಗಿದ್ದ ಹಡಗುಗಳು ವಾಪಸು ಬರಲಾರದೆ ಸಿಕ್ಕಿಬಿದ್ದವು. ಸ್ವಲ್ಪ ಹೆಚ್ಚು ಆಳ ಕೇಳುವ ಎಂ25 ಮತ್ತು ಎಂ27 ಮಾನಿಟರ್‌ಗಳನ್ನು ಸೆಪ್ಟೆಂಬರ್ 16ರಂದು ಬ್ರಿಟಿಷರೇ ಸ್ಫೋಟಿಸಿ ಬಿಟ್ಟು ಬಂದರು. ಎಂ33ರ ಭಾರ ಇಳಿಸಿ ಹಗುರ ಮಾಡಿ ಹೊರಗೆ ತಂದರು. ಕೆಲವೇ ಬೆರಳಗಲದ ಆಳ ಒಂದು ಹಡಗನ್ನು ಉಳಿಸಿತು, ಎರಡನ್ನು ತೆಗೆಯಿತು.

1925ರಲ್ಲಿ ಅದು ಮೈನು ಬಿತ್ತುವ ಹಡಗಾಗಿ ‘ಮಿನರ್ವಾ’ ಎಂಬ ಹೆಸರು ಪಡೆಯಿತು, ಆಮೇಲೆ ತೇಲುವ ಕಾರ್ಯಾಗಾರವಾಗಿ ದಶಕಗಳನ್ನು ಕಳೆಯಿತು. 2015ರಿಂದ ಪೋರ್ಟ್ಸ್‌ಮತ್ ಬಂದರಿನ ಒಣ ಡಾಕಿನಲ್ಲಿ ಜನ ನೋಡುವುದಕ್ಕೆ ತೆರೆದಿದೆ. ಗಲಿಪೊಲಿಯಲ್ಲಿ ಕಾದಿದ ಬ್ರಿಟಿಷ್ ಹಡಗುಗಳಲ್ಲಿ ಇಂದಿಗೂ ಉಳಿದಿರುವುದು ಇದೊಂದೇ. ಡಾಕಿನ ತಳದಿಂದ ನೋಡಿದರೆ ಆ ಚಪ್ಪಟೆ ತಳದ ಲೆಕ್ಕಾಚಾರ ಚೆನ್ನಾಗಿ ತಿಳಿಯುತ್ತದೆ.

ಎರಡನೇ ಮಹಾಯುದ್ಧದಲ್ಲೂ ಬ್ರಿಟನ್ ಮಾನಿಟರ್ ಕಟ್ಟಿತು, ಹಳೆಯ ಪದ್ಧತಿಯಲ್ಲೇ. 1944ರ ಜೂನ್ 6ರಂದು ನಾರ್ಮಂಡಿ ತೀರಕ್ಕೆ ಗುಂಡು ಹಾರಿಸಿದ ‘ರಾಬರ್ಟ್ಸ್’ ಹಡಗಿನ ತೋಪುಗೋಪುರ ಮೊದಲ ಯುದ್ಧದ ‘ಮಾರ್ಷಲ್ ಸೂಲ್ಟ್’ ಎಂಬ ಮಾನಿಟರಿನಿಂದ ಕಳಚಿ ತಂದದ್ದು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಬಾಗಿಲಲ್ಲಿ ಎರಡು ಹದಿನೈದು ಅಂಗುಲದ ನಳಿಗೆಗಳನ್ನು ಇಟ್ಟಿದ್ದಾರೆ. ಅವುಗಳಲ್ಲೊಂದು ಮೊದಲು ‘ರೆಸಲ್ಯೂಷನ್’ ಯುದ್ಧನೌಕೆಯಲ್ಲಿ, ಆಮೇಲೆ ಇದೇ ರಾಬರ್ಟ್ಸ್ ಮಾನಿಟರಿನಲ್ಲಿ ದುಡಿದದ್ದು.