ಸೂರ್ಯನ ಲಿಪಿ ಓದಲು ಒಂದು ಬೇಸಿಗೆ

ಲಿಂಗಸುಗೂರಿನ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: "ಸರ್, ಬೆಂಗಳೂರಿನ್ಯಾಗ ಸೂರ್ಯನ ಬಗ್ಗೆ ಬೇಸಿಗಿ ಇಂಟರ್ನ್‌ಶಿಪ್ ಇರ್ತದಂತ. ಅದರಾಗ ಏನ್ ಮಾಡಸ್ತಾರ? ನಮ್ಮಂಥ ಕಾಲೇಜಿನವರನ್ನ ತಗೊಂತಾರೇನ್ರಿ?"

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ತಗೊಳ್ಳುತ್ತಾರೆ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ಅವಳ ಊರಿನ ಆಸುಪಾಸಿನ ಎರಡು ಜಾಗಗಳಿಗೆ ಹೋಗಿಬರಬೇಕು. ಒಂದು ಸಿಂಧನೂರು ತಾಲ್ಲೂಕಿನ ಜವಳಗೇರಾ, ಇನ್ನೊಂದು ಮಸ್ಕಿಯ ಬಂಡೆ.

1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಲ್ಲಿ ಭಾರತದ ನೆಲ ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳನ್ನು ದಾಟಿ ಆಂಧ್ರದ ಕಡೆ ಓಡಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅಂದು ಎರಡು ಕಡೆ ಬಿಡಾರ ಹೂಡಿತ್ತು: ಒಂದು ಹೊಸೂರಿನಲ್ಲಿ, ಇನ್ನೊಂದು ಜವಳಗೇರಾದಲ್ಲಿ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ವೇಣು ಬಾಪು. ತಿಂಗಳುಗಟ್ಟಲೆ ತಯಾರಿ ನಡೆಸಿದ ವಿಜ್ಞಾನಿಗಳಿಗೆ ಸಿಕ್ಕ ಪೂರ್ಣಗ್ರಹಣದ ಹೊತ್ತು ಮೂರು ನಿಮಿಷಕ್ಕೂ ಕಡಿಮೆ.

ಅಷ್ಟು ಕಡಿಮೆ ಹೊತ್ತಿಗಾಗಿ ಅಷ್ಟೊಂದು ಶ್ರಮ ಏಕೆ? ಸೂರ್ಯಬಿಂಬದ ಸುತ್ತ ಹಬ್ಬಿರುವ ಕರೋನಾ ಎಂಬ ತೆಳು ಹೊರಾವರಣ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಚಂದ್ರ ಅಡ್ಡ ಬಂದು ಬಿಂಬವನ್ನು ಪೂರ್ತಿ ಮುಚ್ಚಿದಾಗ ಮಾತ್ರ ಅದು ಬರಿಗಣ್ಣಿಗೆ ಕಾಣುತ್ತದೆ. ಆ ಕರೋನಾದ ಬೆಳಕಿನಲ್ಲಿ ಭೌತವಿಜ್ಞಾನಿಗಳನ್ನು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಡಿದ ಒಗಟೊಂದು ಅಡಗಿತ್ತು.

1868ರ ಆಗಸ್ಟ್ 18ರ ಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರಾನ್ಸಿನ ಜಾನ್ಸೆನ್ ಸೂರ್ಯಜ್ವಾಲೆಗಳ ರೋಹಿತವನ್ನು, ಅಂದರೆ ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು, ಪರಿಶೀಲಿಸಿದ. ಆ ವರ್ಷದ ವೀಕ್ಷಣೆಗಳಲ್ಲಿ ಕಂಡ ಒಂದು ಹಳದಿ ರೇಖೆ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. 1895ರಲ್ಲಿ ಹೀಲಿಯಂ ಭೂಮಿಯಲ್ಲೂ ಸಿಕ್ಕಿತು. ಗುಂಟೂರಿನ ಗ್ರಹಣದ ಮರುವರ್ಷ, 1869ರಲ್ಲಿ, ಅಮೆರಿಕದ ಗ್ರಹಣದಲ್ಲಿ ಯಂಗ್ ಮತ್ತು ಹಾರ್ಕ್‌ನೆಸ್ ಎಂಬಿಬ್ಬರು ಕರೋನಾದಲ್ಲಿ ಹಸಿರು ರೇಖೆಯೊಂದನ್ನು ಕಂಡರು. ಅದರ ತರಂಗಾಂತರ 530.3 ನ್ಯಾನೋಮೀಟರ್. ಅದೂ ಯಾವ ಧಾತುವಿಗೂ ಹೊಂದಲಿಲ್ಲ. ಇದೂ ಹೊಸ ಧಾತುವೇ ಇರಬೇಕೆಂದು ಊಹಿಸಿ ಕರೋನಿಯಂ ಎಂದು ಕರೆದರು. ಆದರೆ ಆವರ್ತ ಕೋಷ್ಟಕದ ಮನೆಗಳು ಒಂದೊಂದಾಗಿ ತುಂಬುತ್ತ ಹೋದಂತೆ ಕರೋನಿಯಂಗೆ ಜಾಗವೇ ಉಳಿಯಲಿಲ್ಲ.

ಈಗ ಮಸ್ಕಿಗೆ ಬನ್ನಿ. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಓದಿದ್ದ. ದೇಶದ ಉದ್ದಗಲಕ್ಕೂ ಬಂಡೆ, ಕಂಬಗಳ ಮೇಲೆ ಒಬ್ಬನೇ ರಾಜನ ಮಾತು ಕಾಣುತ್ತಿತ್ತು. ಆದರೆ ಎಲ್ಲೆಡೆಯೂ ಅವನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಲ್ಲೇ ಮಾತಾಡುತ್ತಿದ್ದ. ಸಿಂಹಳದ ಗ್ರಂಥಗಳ ಆಧಾರದಿಂದ ಇವನು ಅಶೋಕನೇ ಎಂದು ವಿದ್ವಾಂಸರು ತರ್ಕಿಸಿದ್ದರೂ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಕ್ಷರಗಳನ್ನು ಕಂಡ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಬಿರುದಿನ ಪಕ್ಕದಲ್ಲೇ 'ಅಶೋಕ' ಎಂಬ ಹೆಸರು ಕೆತ್ತಿತ್ತು. ಎಪ್ಪತ್ತೆಂಟು ವರ್ಷ ಓದಿದ ಬರಹದ ಒಡೆಯ ಯಾರೆಂಬುದಕ್ಕೆ ಬಂಡೆಯೇ ಸಾಕ್ಷಿ ನುಡಿಯಿತು.

ಸೂರ್ಯನ ಹಸಿರು ರೇಖೆಯದೂ ಇದೇ ಕಥೆ. ಅಕ್ಷರ ಕಂಡಿತ್ತು, ಬರೆದವನು ತಿಳಿದಿರಲಿಲ್ಲ. ಜರ್ಮನಿಯ ಗ್ರೋಟ್ರಿಯನ್ 1939ರಲ್ಲಿ ಸುಳಿವು ಹಿಡಿದ, ಸ್ವೀಡನ್ನಿನ ಎಡ್ಲೆನ್ 1940ರ ದಶಕದ ಆರಂಭದಲ್ಲಿ ಹೆಸರನ್ನು ಪೂರ್ತಿ ಓದಿದ. ಅದು ಹೊಸ ಧಾತುವಲ್ಲ, ನಮ್ಮ ಕಬ್ಬಿಣ! ತನ್ನ 26 ಎಲೆಕ್ಟ್ರಾನ್‌ಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಬಂಡೆಯ ಮೇಲಿನ ಒಂದು ಹೆಸರು ಚರಿತ್ರೆಯ ಪುಟವನ್ನು ಭದ್ರಪಡಿಸಿದಂತೆ, ಈ ಒಂದು ಹೆಸರು ಸೌರವಿಜ್ಞಾನದ ಪುಟವನ್ನೇ ತಿರುಗಿಸಿತು. ಕಬ್ಬಿಣದಿಂದ ಅಷ್ಟು ಎಲೆಕ್ಟ್ರಾನ್‌ಗಳು ಕಳಚಬೇಕಾದರೆ ಸುತ್ತಲಿನ ಅನಿಲ ಹತ್ತಿಪ್ಪತ್ತು ಲಕ್ಷ ಡಿಗ್ರಿ ಕಾದಿರಬೇಕು. ಸೂರ್ಯನ ಕಣ್ಣಿಗೆ ಕಾಣುವ ಮೈ ಇರುವುದು ಐದೂವರೆ ಸಾವಿರ ಡಿಗ್ರಿಯ ಸುಮಾರಿನಲ್ಲಿ. ಒಲೆಯಿಂದ ದೂರ ಸರಿದಂತೆ ಕಾವು ಏರುವುದು ಹೇಗೆ ಎಂಬುದು ಇಂದಿಗೂ ಸೌರವಿಜ್ಞಾನದ ದೊಡ್ಡ ಪ್ರಶ್ನೆ.

1980ರ ಆ ಗ್ರಹಣವನ್ನು ಕರ್ನಾಟಕದಲ್ಲಿ ನೋಡಿದ ತರುಣರಲ್ಲಿ ಜಗದೇವ ಸಿಂಗ್ ಒಬ್ಬರು. ಕರೋನಾದ ಇನ್ನೊಂದು ಕಬ್ಬಿಣದ ರೇಖೆಯನ್ನು, 637.4 ನ್ಯಾನೋಮೀಟರ್‌ನ ಕೆಂಪು ರೇಖೆಯನ್ನು, ಬಾಪು ಅವರೊಂದಿಗೆ ಅವರು ವಿಶ್ಲೇಷಿಸಿದರು. ಆಮೇಲೆ ಮೂರು ದಶಕ ಗ್ರಹಣಗಳ ಬೆನ್ನುಹತ್ತಿ ದೇಶ ದೇಶ ಸುತ್ತಿದರು. ಪ್ರತಿ ಸಲವೂ ಕೆಲವೇ ನಿಮಿಷ ಸಿಗುತ್ತಿದ್ದುದರಿಂದ, ಗ್ರಹಣಕ್ಕೆ ಕಾಯದೆ ಕರೋನಾವನ್ನು ನೋಡುವ ಉಪಕರಣ ಬಾಹ್ಯಾಕಾಶಕ್ಕೆ ಹೋಗಬೇಕೆಂದು ಪಟ್ಟುಹಿಡಿದವರಲ್ಲಿ ಅವರು ಮುಖ್ಯರು. ಅಂಥ ಉಪಕರಣವನ್ನು ಹೊತ್ತು 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆ ಸೇರಿತು. ಅದರ ಏಳು ಉಪಕರಣಗಳಲ್ಲಿ ದೊಡ್ಡದಾದ ವೆಲ್ಕ್ ಹೊಸಕೋಟೆಯಲ್ಲಿ ಖಭೌತ ಸಂಸ್ಥೆಯ ಆವರಣದಲ್ಲಿ ತಯಾರಾದದ್ದು. ಬಿಂಬದ ಬೆಳಕನ್ನು ಒಳಗೇ ಬೇರ್ಪಡಿಸಿ ಹೊರಹಾಕಿ, ಅದು ಕರೋನಾದ ಆ ಹಸಿರು ರೇಖೆಯನ್ನೇ ಓದುತ್ತದೆ.

ಇಂಟರ್ನ್‌ಶಿಪ್ಪಿನಲ್ಲಿ ಮಾಡಿಸುವುದು ಈ ಓದಿನ ಅಭ್ಯಾಸವನ್ನೇ. ದೂರದರ್ಶಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಕೆಲಸವಲ್ಲ. ದಿನದ ಬಹುಪಾಲು ಕಂಪ್ಯೂಟರ್ ಮುಂದೆ ಪೈಥಾನ್ ಬರೆಯುತ್ತ ಕಳೆಯಬೇಕು. ಒಂದು ಮಾದರಿ ಹೇಳುತ್ತೇನೆ. 1899ರಲ್ಲಿ ಆರಂಭವಾದ ಕೊಡೈಕೆನಾಲ್ ಸೌರ ವೀಕ್ಷಣಾಲಯ ನೂರು ವರ್ಷಕ್ಕೂ ಹೆಚ್ಚಿನ ಸೂರ್ಯಚಿತ್ರಗಳನ್ನು ಕಾಪಾಡಿದೆ, ಈಗ ಅವು ಡಿಜಿಟಲ್ ರೂಪದಲ್ಲಿವೆ. ಅವುಗಳಲ್ಲಿ ಒಂದು ಸೌರಕಲೆಯನ್ನು ದಿನದಿನ ಗುರುತಿಸುತ್ತ ಹೋದರೆ ಅದು ದಿನಕ್ಕೆ 13 ಡಿಗ್ರಿಯಷ್ಟು ಸರಿಯುವುದು ಕಾಣುತ್ತದೆ. ಧ್ರುವದ ಕಡೆಯ ಕಲೆಗಳು ನಿಧಾನ, ಸಮಭಾಜಕದ ಹತ್ತಿರದವು ಚುರುಕು. ಸೂರ್ಯ ಗಟ್ಟಿ ಉಂಡೆಯಲ್ಲ ಎಂಬುದನ್ನು ವಿದ್ಯಾರ್ಥಿ ಪುಸ್ತಕದಿಂದಲ್ಲ, ತನ್ನದೇ ಅಳತೆಯಿಂದ ತಿಳಿಯುತ್ತಾಳೆ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ 1909ರ ಜನವರಿಯಲ್ಲಿ ಎವರ್‌ಶೆಡ್ ಅದೇ ಕೊಡೈಕೆನಾಲಿನಲ್ಲಿ ಕಂಡುಹಿಡಿದ ಪರಿಣಾಮವಿದೆ. ಕಲೆಯ ನಡುವಿನಿಂದ ಅಂಚಿನತ್ತ ಅನಿಲ ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ ಹರಿಯುತ್ತದೆ. ಇದರಿಂದ 630 ನ್ಯಾನೋಮೀಟರ್‌ನ ರೇಖೆ ಜರುಗುವುದು 0.004 ನ್ಯಾನೋಮೀಟರ್ ಮಾತ್ರ. ಅಷ್ಟು ಸಣ್ಣ ಜರುಗಾಟವನ್ನು ನಂಬುವುದು ಯಾವಾಗ, ದೋಷವೆಂದು ಬಿಡುವುದು ಯಾವಾಗ ಎಂದು ಕಲಿಯುವುದೇ ಇಂಥ ಇಂಟರ್ನ್‌ಶಿಪ್ಪಿನ ನಿಜವಾದ ಗಳಿಕೆ.

ಇದಕ್ಕೆ ದಾರಿಗಳಿವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ, ಅದರಲ್ಲಿ ಸ್ಟೈಪೆಂಡ್ ಕೊಡುತ್ತಾರೆ. ಬೆಂಗಳೂರಿನ ಖಭೌತ ಸಂಸ್ಥೆ, ಪುಣೆಯ ಐಯುಕಾ, ಉದಯಪುರದಲ್ಲಿ ಫತೇಸಾಗರ ಸರೋವರದ ನಡುವೆ ಸೌರ ವೀಕ್ಷಣಾಲಯವಿರುವ ಭೌತ ಸಂಶೋಧನಾ ಪ್ರಯೋಗಾಲಯ, ಇವೆಲ್ಲ ತಮ್ಮದೇ ಕಾರ್ಯಕ್ರಮಗಳನ್ನು ನಡೆಸುತ್ತವೆ. ಅರ್ಹತೆ, ಕೊನೆಯ ದಿನಾಂಕ ವರ್ಷವರ್ಷ ಬದಲಾಗುತ್ತವೆ. ಬೇಸಿಗೆಯ ಕೆಲಸಕ್ಕೆ ಅರ್ಜಿ ಚಳಿಗಾಲದಲ್ಲೇ ಮುಗಿದಿರಬಹುದು, ಆದ್ದರಿಂದ ದಸರಾ ಮುಗಿದಾಗಿನಿಂದಲೇ ಕಣ್ಣಿಟ್ಟಿರಬೇಕು. ಹಣ ಕಟ್ಟಿಸಿಕೊಂಡು ವಾರದಲ್ಲಿ ಸರ್ಟಿಫಿಕೇಟ್ ಕೊಡುವ "ಬಾಹ್ಯಾಕಾಶ ಇಂಟರ್ನ್‌ಶಿಪ್" ಜಾಹೀರಾತುಗಳು ಮೊಬೈಲಿನ ತುಂಬ ಬರುತ್ತಿವೆ. ಅವುಗಳ ಹಿಂದೆ ಹೋಗಬೇಡಿ. ಮಾರ್ಗದರ್ಶಿ ವಿಜ್ಞಾನಿಯ ಹೆಸರಿಲ್ಲದ, ಅಳೆಯಲು ಸಮಸ್ಯೆಯೊಂದಿಲ್ಲದ ಇಂಟರ್ನ್‌ಶಿಪ್ ಸಂಶೋಧನೆಯಲ್ಲ.

ಆಯ್ಕೆಯಾಗುವವರೆಗೆ ಕಾಯಬೇಕಿಲ್ಲ. ಆದಿತ್ಯದ ಮಾಹಿತಿ ಇಸ್ರೋದ ತಾಣದಲ್ಲಿ ಸಾರ್ವಜನಿಕರಿಗೆ ಸಿಗುತ್ತದೆ. ರಾಯಚೂರು ಸೀಮೆಯಲ್ಲಿ ಬಿಸಿಲಿಗಂತೂ ಬರವಿಲ್ಲ. ಕಾಲೇಜಿನಲ್ಲಿ ಸಣ್ಣ ದೂರದರ್ಶಕವಿದ್ದರೆ ಉಪನ್ಯಾಸಕರ ಸಮ್ಮುಖದಲ್ಲಿ ಸೂರ್ಯಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಕಲೆಗಳನ್ನು ಎರಡು ವಾರ ಗುರುತಿಸಿ, ಸೂರ್ಯ ಸುತ್ತುವ ಅವಧಿಯನ್ನು ಲೆಕ್ಕಹಾಕಿ. ದೂರದರ್ಶಕದೊಳಗೆ ಯಾವ ಕಾರಣಕ್ಕೂ ಕಣ್ಣಿಡಬೇಡಿ. ಆ ಲೆಕ್ಕವನ್ನು, ಅದರಲ್ಲಿ ಎಷ್ಟು ದೋಷವಿರಬಹುದೆಂಬುದರ ಜೊತೆಗೆ, ಅರ್ಜಿಯಲ್ಲಿ ಬರೆಯಿರಿ. ಅಂಕಪಟ್ಟಿ ಹೇಳದ್ದನ್ನು ಅದು ಹೇಳುತ್ತದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳ ಭೌತವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಅರ್ಜಿಗೆ ನಿಮ್ಮ ಶಿಫಾರಸು ಪತ್ರ ಬೇಕಾಗುತ್ತದೆ. ವಿದ್ಯಾರ್ಥಿ ಬಂದು ಕೇಳಲಿ ಎಂದು ಕಾಯದೆ ಈ ವರ್ಷ ನೀವೇ ಇಬ್ಬರನ್ನು ಕರೆದು ಅರ್ಜಿ ಹಾಕಿಸಿ. ಅಕಾಡೆಮಿಗಳ ಫೆಲೋಶಿಪ್ ಶಿಕ್ಷಕರಿಗೂ ಇದೆ, ಮೂರನೆಯ ಅರ್ಜಿ ನಿಮ್ಮದೇ ಆಗಲಿ.